ವಜ್ರದ ಸಿನಿಮಾ ನೋಡಿದ ಮೇಲೆ

ದಿಲನಾಜಳಿಗೆ ಹೊಡೆದಾಟದ ಸಿನಿಮಾ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ಆ ಬೇಸಿಗೆಯಲ್ಲಿ ಪಕ್ಕದ ಮನೆಯ ಸುಧಾರಾಣಿ ಬಂದು, ರಾಣೆಬೆನ್ನೂರಿನ ಟಾಕೀಸಿಗೆ ವಜ್ರದ ಕಳ್ಳಸಾಗಣೆಯ ಸಿನಿಮಾ ಬಂದಿದೆ, ಕಥೆಯೆಲ್ಲ ಆಫ್ರಿಕಾದಲ್ಲೇ ನಡೆಯುತ್ತದಂತೆ ಅಂದಾಗ, ಹೊಲಿಯುತ್ತಿದ್ದ ಜಂಪರನ್ನು ಮಷಿನ್ನಿನ ಮೇಲೇ ಬಿಟ್ಟು ತಲೆ ಎತ್ತಿದಳು.

"ಆಫ್ರಿಕಾದಾಗ ಎಲ್ಲಿ?"

"ಸಿಯೆರಾ ಲಿಯೋನ್ ಅಂತ. ನಿಮ್ಮ ಮನ್ಯಾರು ಇರೂದು ಅಲ್ಲೇ ಅಲ್ಲೇನ?"

ಅಲ್ಲೇ. ಅವಳ ಗಂಡ ಶಹಬಾಜ ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಮಾಡುವವನು. ಬ್ಯಾಡಗಿ, ಹಾವೇರಿಯ ಸುತ್ತಲಿನ ಹೊಲಗಳಲ್ಲಿ ಬೋರ್ ಕೊರೆದು ಕೈ ಪಳಗಿಸಿಕೊಂಡಿದ್ದ. ಅವನ ಕಂಪನಿ ಆ ದೇಶದ ಹಳ್ಳಿಗಳಿಗೆ ಕುಡಿಯುವ ನೀರಿನ ಬೋರ್ ಹಾಕುವ ಗುತ್ತಿಗೆ ಹಿಡಿದಾಗ ಲಾರಿಯ ಜೊತೆ ತಾನೂ ಹೋದ. ಹೋಗಿ ಎರಡು ವರ್ಷ ದಾಟಿತ್ತು. ಇಲ್ಲಿ ಸಂಜೆಯಾದಾಗ ಅಲ್ಲಿ ಮಧ್ಯಾಹ್ನ. ಊಟದ ಬಿಡುವಿನಲ್ಲಿ ಫೋನ್ ಮಾಡುತ್ತಿದ್ದ. ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದ. ಇಲ್ಲೂ ಚೆನ್ನಾಗಿದೆ ಅಂತ ಇವಳು ಅನ್ನುತ್ತಿದ್ದಳು. ಬಾ ಅಂತ ಇವಳು ಒಮ್ಮೆಯೂ ಅಂದಿರಲಿಲ್ಲ. ಅಂದರೆ ಅಲ್ಲಿ ಅವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಕ್ಕಿಲ್ಲ ಅಂತ ಅವಳ ಲೆಕ್ಕ.

ಟಾಕೀಸು ತುಂಬಿತ್ತು. ಹೀರೋ ಜೀಪಿನಿಂದ ಹಾರಿದಾಗ ಹಿಂದಿನ ಸಾಲಿನವರು ಸೀಟಿ ಹೊಡೆದರು. ಬಂದೂಕು ಹಿಡಿದ ಗುಂಪು ಹಳ್ಳಿಗೆ ನುಗ್ಗಿ ಗಂಡಸರನ್ನು ವಜ್ರದ ಗಣಿಗೆ ಎಳೆದೊಯ್ದಾಗ ಸುಧಾರಾಣಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ದಿಲನಾಜ ಹೀರೋನನ್ನು ನೋಡಲೇ ಇಲ್ಲ. ಅವನ ಬೆನ್ನ ಹಿಂದಿನ ಕೆಂಪು ಮಣ್ಣಿನ ರಸ್ತೆ, ತಗಡಿನ ಮನೆಗಳು, ಕಟ್ಟೆಯ ಮೇಲೆ ಕೂತ ಮುದುಕರು, ಇವನ್ನೇ ನೋಡಿದಳು. ಇದೇ ರಸ್ತೆಯಲ್ಲಿ ಶಹಬಾಜ ನಡೆಯುತ್ತಿರಬಹುದು. ಇಂಥದ್ದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿರಬಹುದು. ಒಂದು ದೃಶ್ಯದಲ್ಲಿ ಗುಂಡು ತಗುಲಿ ಊರ ನಡುವಿನ ಕೈಪಂಪು ಸೀಳಿ ನೀರು ಚಿಮ್ಮಿತು. ಜನ ಚಪ್ಪಾಳೆ ತಟ್ಟಿದರು. ದಿಲನಾಜಳ ಕೈ ಮೇಲೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಎಲ್ಲರ ಬಾಯಲ್ಲೂ ಅದೇ ಸಿನಿಮಾ. ಹೊಡೆದಾಟ ಭಾರಿ ಇತ್ತು ಅಂತ ಒಬ್ಬ. ಕೊನೆಗೆ ಆ ವಜ್ರ ಯಾರ ಪಾಲಾಯಿತು ಅಂತ ತಿಳಿಯಲೇ ಇಲ್ಲ ಅಂತ ಇನ್ನೊಬ್ಬ. ಸುಧಾರಾಣಿ ಮೆಲ್ಲಗೆ ಕೇಳಿದಳು.

"ಮಣ್ಣಾಗ ಹಂಗ ಸಿಗತಾವಂದ್ರ, ನಿಮ್ಮ ಮನ್ಯಾರಿಗೂ ಒಂದು ಸಣ್ಣ ಹರಳು ಸಿಕ್ಕಿರಬೇಕಲ್ಲ?"

"ಅವ್ರಿಗೆ ಸಿಗೂದು ನೀರು," ಅಂದು ದಿಲನಾಜ ಕಿಟಕಿಯ ಕಡೆ ತಿರುಗಿದಳು.

ಆ ಸಂಜೆ ಫೋನ್ ಬಂದ ಕೂಡಲೇ ಕೇಳಿದಳು.

"ಅಲ್ಲಿ ಹಂಗೈತೇನ್ರಿ? ಬಂದೂಕು, ಗಣಿ, ಹೊಡದಾಟ?"

ಶಹಬಾಜ ನಕ್ಕ. "ಆ ಲಡಾಯಿ ಮುಗದು ಇಪ್ಪತ್ತು ವರ್ಷದ ಮ್ಯಾಲಾತು. ಈಗ ಇಲ್ಲಿ ಸಪ್ಪಳ ಅಂದ್ರ ನಮ್ಮ ಬೋರಿನ ಲಾರೀದು ಅಷ್ಟ."

"ಬಂದುಬಿಡ್ರಿ," ಅಂದಳು ದಿಲನಾಜ. ಅಂದಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಅವನು, "ಇಲ್ಲೆ ಮಳಿ ಹಿಡೀತಂದ್ರ ಲಾರಿ ಹಳ್ಳಿಗೆ ಹೋಗಂಗಿಲ್ಲ. ಆವಾಗ ಬರ್ತೇನಿ," ಅಂದ.

ಮಾತಿಗೆ ತಪ್ಪಲಿಲ್ಲ. ಇಲ್ಲಿ ಮುಂಗಾರು ಜೋರಾಗಿದ್ದಾಗ ಬಂದ. ಮೈ ಇಳಿದಿತ್ತು, ಕಿವಿಯ ಹತ್ತಿರ ಕೂದಲು ನರೆತಿತ್ತು. ತಾಯಿ ಹಸೀನಾಬಿ ಮಗನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದ್ದೇ ನೋಡಿದ್ದು. ಓಣಿಯವರು ಬಂದು ವಜ್ರದ ಸುದ್ದಿ ಕೇಳಿದರು. ಅವನು ನಗುತ್ತ ಎಲ್ಲರಿಗೂ ಚಹಾ ಕೊಡಿಸಿದ. ದಿಲನಾಜ ಒಳಗೆ ರೊಟ್ಟಿ ಬಡಿಯುತ್ತ ಹೊರಗಿನ ಅವನ ದನಿಯನ್ನು ಕೇಳುತ್ತಿದ್ದಳು. ಫೋನಿನದಲ್ಲದ ದನಿ. ಇನ್ನು ತನಗೆ ಬೇರೇನೂ ಬೇಡ ಅನಿಸಿತು.

ಅಷ್ಟರಲ್ಲಿ ಆ ಸಿನಿಮಾ ಟಿವಿಗೂ ಬಂತು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ನೋಡಲು ಕೂತರು. ಸುಧಾರಾಣಿಯೂ ಬಂದಿದ್ದಳು. ಹಸೀನಾಬಿ ಪ್ರತಿ ಗುಂಡಿಗೂ ಅಲ್ಲಾನ ಹೆಸರು ಹೇಳುತ್ತಿದ್ದಳು. ಶಹಬಾಜ ಗೋಡೆಗೊರಗಿ ನಗುತ್ತಿದ್ದ.

"ಇದು ಅಲ್ಲಿದಲ್ಲ. ಬ್ಯಾರೆ ಎಲ್ಲೋ ತಗದಾರ. ಇಂಥಾ ಗಿಡ ಅಲ್ಲಿಲ್ಲ, ಮನಿನೂ ಹಿಂಗಿಲ್ಲ."

ದಿಲನಾಜಳಿಗೆ ಪೆಚ್ಚೆನಿಸಿತು. ಟಾಕೀಸಿನಲ್ಲಿ ತಾನು ಕಣ್ಣಿಟ್ಟು ನೋಡಿದ್ದ ರಸ್ತೆ, ಅಂಗಡಿಗಳೆಲ್ಲ ಅವನು ಕಂಡೇ ಇರದವು.

ಕೊನೆಕೊನೆಗೆ ಒಂದು ದೃಶ್ಯ ಬಂತು. ಮೇಲಿನಿಂದ ತೆಗೆದ ನದಿ. ಸೊಂಟದ ಮಟ್ಟದ ಕೆಂಪು ನೀರಿನಲ್ಲಿ ಜನ ಜರಡಿ ಹಿಡಿದು ಮಣ್ಣು ತೊಳೆಯುತ್ತಿದ್ದರು. ಹೀರೋ ಇರಲಿಲ್ಲ, ಹಾಡೂ ಇರಲಿಲ್ಲ. ಸುಧಾರಾಣಿ ನೀರು ಕುಡಿಯಲು ಎದ್ದಳು. ಶಹಬಾಜ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ.

"ಇದು ಖರೇ," ಅಂದ. "ಇದು ಅಲ್ಲಿದು."

ದೃಶ್ಯ ಮುಗಿದು ಮತ್ತೆ ಗುಂಡಿನ ಸದ್ದು ಎದ್ದರೂ ಅವನು ಹಾಗೇ ಬಾಗಿ ಕೂತಿದ್ದ, ಕಣ್ಣು ತುಂಬಿತ್ತು. ದಿಲನಾಜ ಟಿವಿ ಬಿಟ್ಟು ಅವನ ಮುಖವನ್ನೇ ನೋಡಿದಳು. ಕೈಯಳತೆಯಲ್ಲಿ ಕೂತವನು ಎಷ್ಟು ದೂರ ಹೋಗಿಬಿಟ್ಟಿದ್ದ! ಅವನು ಅಲ್ಲಿದ್ದಾಗ ಕೂಡ ಇಷ್ಟು ದೂರ ಇದ್ದಾನೆ ಅಂತ ಅವಳಿಗೆ ಅನಿಸಿರಲಿಲ್ಲ.

ಮರುದಿನ ಮಳೆ ಬಿಡುವು ಕೊಟ್ಟಿತ್ತು. ಇಬ್ಬರೂ ಬೈಕಿನಲ್ಲಿ ಐರಣಿಗೆ ಹೋದರು. ತುಂಗಭದ್ರೆ ಕೆಂಪಾಗಿ ದಂಡೆ ತುಂಬ ಹರಿಯುತ್ತಿದ್ದಳು. ಕಲ್ಲಿನ ಮೇಲೆ ಕೂತು ದಿಲನಾಜ ನೇರವಾಗಿ ಕೇಳಿದಳು.

"ಅಲ್ಲಿ ಯಾರದಾರ್ರಿ?"

ಅವನು ಮುಚ್ಚಿಡಲಿಲ್ಲ. "ಫಾತ್ಮಾತಾ ಅಂತ ಒಬ್ಬಾಕಿ ಮುದುಕಿ. ಆಕಿ ಅಂಗಳದಾಗ ಒಂದು ಖೋಲಿ, ಅದರಾಗ ನಾ ಇದ್ದೆ. ಲಡಾಯಿ ಟೈಮಿನ್ಯಾಗ ಆಕಿ ಮಗನ್ನ ಬಂದೂಕಿನವರು ಗಣಿಗೆ ಎಳಕೊಂಡು ಹೋದ್ರಂತ. ಇವತ್ತಿಗೂ ಬಂದಿಲ್ಲ. ಜ್ವರಾ ಬಂದಾಗ ಬಾಜೂಕ ಕುಂತು ನನ್ನ ನೋಡಿಕೊಂಡಾಕಿ ಆಕಿ. ಮಗಾ ಅಂತನ ಕರೀತಾಳ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಲಡಾಯಿ ಕಥಿ ಕೇಳಿ ನೀ ಅಂಜತಿ ಅಂತ." ನದಿಯ ಕಡೆ ನೋಡುತ್ತ ಮುಂದುವರಿಸಿದ. "ಆಕಿ ಓಣ್ಯಾಗ ನೀರಿಲ್ಲ. ಗಣಿ ಹೊಂಡದ ನೀರ ಹೊತ್ತು ತರ್ತಾರ. ಮಳಿ ನಿಂತ ಮ್ಯಾಲ ಅಲ್ಲೇ ಬೋರ್ ಹಾಕೂದಿತ್ತು. ನಾ ಹೊಂಟ ದಿನ ಆಕಿ ಬಾಗಲಾ ತಗದು ಹೊರಗ ಬರಲಿಲ್ಲ. ಇವನೂ ಹೋದ, ಇನ್ನ ಬರಂಗಿಲ್ಲ ಅಂತ ತಿಳದಿರಬೇಕು."

ದಿಲನಾಜಳಿಗೆ ಮೊದಲು ಬಂದದ್ದು ಸಿಟ್ಟು. ತಾನಿಲ್ಲಿ ಒಬ್ಬಳೇ ಕಾದ ದಿನಗಳಲ್ಲಿ ಇವನನ್ನು ಮಗಾ ಅನ್ನುವವರು ಅಲ್ಲೊಬ್ಬರು ಇದ್ದರಲ್ಲ ಅಂತ. ಆ ಸಿಟ್ಟನ್ನು ಹೊತ್ತುಕೊಂಡೇ ಮನೆಗೆ ಬಂದಳು. ಅವನು ಇಲ್ಲೇ ಹಾವೇರಿಯ ಕಡೆ ಕೆಲಸ ಹಿಡಿದ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ. ಅವಳು ಬಯಸಿದ್ದೂ ಅದನ್ನೇ. ಆದರೆ ಉಣ್ಣುವಾಗ ಅವನ ಕೈ ತಾಟಿನಲ್ಲೇ ನಿಂತುಬಿಡುತ್ತಿತ್ತು. ಬಾಗಿಲು ತೆಗೆಯದ ಆ ಮುದುಕಿ, ಮುಖವೂ ಗೊತ್ತಿಲ್ಲದವಳು, ದಿಲನಾಜಳ ಕಣ್ಣಿಗೂ ಕಟ್ಟತೊಡಗಿದಳು. ದಾರಿ ಕಾಯುವುದು ಏನೆಂದು ಇವಳಿಗೆ ಗೊತ್ತಿತ್ತು. ಇವಳದು ಎರಡೇ ವರ್ಷ.

ದಸರೆ ಹತ್ತಿರ ಬಂದಾಗ ಒಂದು ಮುಂಜಾನೆ ಅವನ ಬುತ್ತಿ ಕಟ್ಟುತ್ತ ಅಂದಳು.

"ಹೋಗಿ ಆ ಬೋರ್ ಹಾಕಿ ಬರ್ರಿ."

"ನೀನ ಅಲ್ಲ, ಬಾ ಅಂದಾಕಿ?"

"ಬಾ ಅಂದೆ. ನೀವು ಪೂರಾ ಬಂದಿಲ್ಲ. ಅರ್ಧಾ ಅಲ್ಲೇ ಬಿಟ್ಟು ಬಂದೀರಿ. ಅದನ್ನೂ ಕರಕೊಂಡು ಬರ್ರಿ."

ಶಹಬಾಜ ಬುತ್ತಿ ಇಸಿದುಕೊಂಡು, ಅಂಗಳಕ್ಕಿಳಿದು ಹಳೆಯ ಕಂಪನಿಗೆ ಫೋನ್ ಹಚ್ಚಿದ. ಅವನು ಹೊರಟ ದಿನ ಹಸೀನಾಬಿ ಸೊಸೆಯನ್ನು ಬೈದಳು, ಬೈಯುತ್ತಲೇ ಅತ್ತಳು. ದಿಲನಾಜ ಸ್ಟೇಷನ್ನಿನಲ್ಲಿ ನಗುತ್ತ ನಿಂತಿದ್ದು, ಮನೆಗೆ ಬಂದು ಅವನ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು.

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಬಂದು ಊರೆಲ್ಲ ಕೆಮ್ಮು ಹತ್ತುವ ಕಾಲ. ಒಂದು ಸಂಜೆ ವಿಡಿಯೋ ಕಾಲ್ ಬಂತು. ಅಂಗಳದ ತುಂಬ ಜನ. ಶಹಬಾಜ ಅಡಿಯಿಂದ ಮುಡಿವರೆಗೆ ಕೆಸರಾಗಿದ್ದ. "ನೀರು ಬಿತ್ತು," ಅಂದ. ಆಮೇಲೆ ಫೋನನ್ನು ಒಬ್ಬ ಮುದುಕಿಯ ಕೈಗೆ ಕೊಟ್ಟ. ತಲೆಗೆ ಬಣ್ಣದ ವಸ್ತ್ರ, ಸಣ್ಣ ಕಣ್ಣು. ದಿಲನಾಜಳನ್ನು ಬಹಳ ಹೊತ್ತು ನೋಡಿ ಆಕೆ ತನ್ನ ಭಾಷೆಯಲ್ಲಿ ನಿಧಾನಕ್ಕೆ ಏನೋ ಹೇಳಿದಳು.

"ಏನಂತಾರ್ರಿ?"

ಶಹಬಾಜ ಪಕ್ಕದಿಂದ ಬಾಗಿ ಹೇಳಿದ. "ನನ್ನ ಮಗನ್ನ ಅವ್ರು ಹೊಳ್ಳಿ ಕಳಸಲಿಲ್ಲ, ನಿನ್ನವನ್ನ ನಾ ಕಳಸ್ತೇನಿ ಅಂತಾಳ."

ದಿಲನಾಜ ಫೋನನ್ನು ಗೋಡೆಗೆ ಆನಿಸಿಟ್ಟಳು. ಎದೆಯ ಮೇಲೆ ಕೈ ಇಟ್ಟುಕೊಂಡು ತಲೆ ಬಾಗಿಸಿದಳು. ಮುದುಕಿಯೂ ತಲೆಯಾಡಿಸಿದಳು.

ಫೋನ್ ಕಟ್ಟಾಯಿತು. ಒಳಗಿನಿಂದ ಹಸೀನಾಬಿ ಕೇಳಿದಳು.

"ಏನಂದ?"

"ಬರ್ತಾರಂತ."

"ಯಾವಾಗ?"

ಅದನ್ನು ಕೇಳುವುದೇ ದಿಲನಾಜಳಿಗೆ ಮರೆತುಹೋಗಿತ್ತು. ಮತ್ತೆ ಫೋನ್ ಹಚ್ಚಿದಳು. ಹತ್ತಲಿಲ್ಲ. ಹತ್ತುವವರೆಗೂ ಹಚ್ಚುತ್ತ ಬಾಗಿಲ ಬಳಿ ಕೂತಳು.