ಸವೆದ ಬೆರಳಿನ ಅಂಗಡಿ

ಟಬಾಕವೆಂಬ ಊರಿನಲ್ಲಿ ಬಳಪದ ಕಲ್ಲನ್ನು ಕೆತ್ತುವವರು ಗಂಡಸರು. ಹೆಂಗಸರು ನೀರಿನ ಬೋಗುಣಿ ಮುಂದಿಟ್ಟುಕೊಂಡು ಕೂತು, ಮರಳುಕಾಗದದಿಂದ ಅದನ್ನು ಉಜ್ಜಿ ನುಣುಪು ಮಾಡುತ್ತಾರೆ. ಮದುವೆಯಾದಾಗಿನಿಂದ ಉಜ್ಜುತ್ತಲೇ ಬಂದ ನ್ಯಾಂಚೆರಾಳ ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಹೆಬ್ಬೆರಳು ಒತ್ತಿದರೆ ಅವಳ ಸ್ವಂತ ಫೋನೇ ಅವಳನ್ನು ಗುರುತಿಸುತ್ತಿರಲಿಲ್ಲ.

ಗಂಡ ಒಂಬಾಟಿ ತೀರಿಕೊಂಡ ಮೇಲೆ, ಅವನು ಬಿಟ್ಟುಹೋದ ಕೆತ್ತನೆಗಳಿಗೆ ಇಂಟರ್‌ನೆಟ್ಟಿನಲ್ಲೊಂದು ಅಂಗಡಿ ತೆರೆಯೋಣವೆಂದು ಹೇಳಿದವನು ಮೈದುನ ಮೊಸೋಟಿಯೇ.

"ಪಾಸ್‌ವರ್ಡು ಗೀಸ್‌ವರ್ಡು ಯಾರು ನೆನಪಿಟ್ಕೋತಾರೆ ಅತ್ತಿಗೆ? ನಿನ್ನ ಫೇಸ್‌ಬುಕ್ ಖಾತೆಯಿಂದ್ಲೇ ಒಳಗೆ ಹೋಗೋಣ. ಒಂದ್ಸಲ ಒತ್ತಿದ್ರೆ ಮುಗೀತು. ಕೊಳ್ಳೋರಿಗೂ ಹಂಗೇ, ಹೆಸರು ಊರು ತುಂಬೋ ಕಾಟ ಇಲ್ಲ. ನಿನ್ನ ಚರ್ಚಿನ ಹಾಡು, ಮದುವೆ ಫೋಟೋ ಎಲ್ಲಾ ಅಲ್ಲಿರೋದ್ರಿಂದ ನೋಡಿದವರಿಗೆ ನಂಬಿಕೆನೂ ಬರುತ್ತೆ."

ಮಾತು ಸುಳ್ಳಾಗಲಿಲ್ಲ. ನೈರೋಬಿಯಿಂದ, ಅದರಾಚೆಯಿಂದಲೂ ಜನ ಕೊಂಡರು. "ನಿನ್ನ ಕೈ ಯಾವಾಗ್ಲೂ ಒದ್ದೆ" ಎಂದು ಮೊಸೋಟಿ ಅದೇ ಖಾತೆಯನ್ನು ತನ್ನ ಫೋನಿನಲ್ಲೂ ತೆರೆದುಕೊಂಡ. ಆಮೇಲೆ ಉಜ್ಜುವ ಯಂತ್ರ ತಂದ. ಒಂದು ದಿನ ಬೋಗುಣಿಗಳ ಮುಂದಿದ್ದ ಹೆಂಗಸರೆಲ್ಲ ಕೇಳುವ ಹಾಗೆ ಅಂದ:

"ಬೆರಳೇ ಸವೆದುಹೋದವಳಿಗೆ ಅಂಗಡಿ ಯಾಕೆ? ಮನೇಲಿ ಉಗಾಲಿ ಬೇಯಿಸ್ಕೊಂಡಿರು."

ಅಷ್ಟನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಕೆತ್ತನೆಗಳ ತಳದಲ್ಲಿ ಒಂಬಾಟಿ ಕೊರೆದಿದ್ದ ಅವನದೇ ಹೆಸರನ್ನು ಆ ಯಂತ್ರದಿಂದ ಉಜ್ಜಿ ಅಳಿಸಿ, ಮೊಸೋಟಿ ಅಲ್ಲಿ ತನ್ನ ಹೆಸರು ಕೊರೆಸಿದ್ದ.

ಖಾತೆ ಎರಡು ಫೋನುಗಳಲ್ಲಿ ತೆರೆದಿದೆಯೆಂದು ನ್ಯಾಂಚೆರಾಳ ಫೋನು ತೋರಿಸುತ್ತಿತ್ತು. ಅದನ್ನು ನೋಡಿಯೂ ಅವಳು ಕೈ ಹಚ್ಚಲಿಲ್ಲ. ಕಿಸುಮುವಿನ ದೊಡ್ಡ ವ್ಯಾಪಾರಿ ಅಂಗಡಿಯ ಲೆಕ್ಕ ನೋಡಲು ಬರುತ್ತಾನೆಂಬ ಸುದ್ದಿಗಾಗಿ ಕಾದಳು. ವ್ಯಾಪಾರಿಯ ಗಾಡಿ ಮೊಸೋಟಿಯ ಅಂಗಳಕ್ಕೆ ತಿರುಗಿದ್ದನ್ನು ಬೇಲಿಯ ಸಂದಿಯಿಂದ ಕಣ್ಣಾರೆ ಕಂಡ ಮೇಲೆ, ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಮೈದುನನ ಫೋನನ್ನು ಖಾತೆಯಿಂದ ಹೊರಗೆ ಹಾಕಿದಳು. ಅಂಗಡಿಯಿಂದಲೂ ಹೊರಗೆ ಹಾಕಿದಳು. ಚಹಾಕ್ಕೆ ನೀರಿಟ್ಟಳು.

ನೀರು ಕುದಿಯುವ ಮೊದಲೇ ಮೊಸೋಟಿ ಬಂದ. ಬೆವತಿದ್ದ.

"ಅತ್ತಿಗೆ, ಅಂಗಡಿ ತೆಗೀತಿಲ್ಲ! ನಿನ್ನ ಖಾತೆ ಕೇಳ್ತಿದೆ. ಆ ಮನುಷ್ಯ ಅಲ್ಲಿ ಕೂತು ನಗ್ತಿದಾನೆ."

"ನಗೋ ವಿಷಯನೇ ಬಿಡು. ಅಂಗಡಿ ನಿಂದು, ಬಾಗಿಲು ನಂದು."

"ಒಂದೇ ಒಂದ್ಸಲ ಒತ್ತಿಕೊಡು ತಾಯಿ."

"ನನ್ನ ಬೆರಳು ಸವೆದಿದೆಯಲ್ಲಪ್ಪ."

ಅವನು ತಲೆ ತಗ್ಗಿಸಿದ. ಅವಳು ಬೋಗುಣಿಯನ್ನು ಅವನ ಮುಂದಕ್ಕೆ ತಳ್ಳಿ, ಸಂತೆಯಲ್ಲಿ ತಾನೇ ಕೊಂಡು ತಂದಿದ್ದ ಗಂಡನ ಕೆತ್ತನೆಯೊಂದನ್ನು ಕವುಚಿ ಇಟ್ಟಳು. ತಳದಲ್ಲಿ ಮೊಸೋಟಿಯ ಹೆಸರಿತ್ತು.

"ಉಜ್ಜು. ಯಂತ್ರ ಬೇಡ, ಕೈಲಿ. ನಿಂದು ಹೋದ್ಮೇಲೆ ನಾನು ಅವರದು ಕೊರೀತೀನಿ. ಉಳಿದವನ್ನೂ ಒಂದೊಂದಾಗಿ ತಾ."

"ವ್ಯಾಪಾರಿ ಹೊರಟುಹೋಗ್ತಾನೆ!"

"ಹೋಗ್ಲಿ. ಅವನಿಗೆ ಬೇಕಿದ್ರೆ ನನ್ನನ್ನೇ ಹುಡುಕ್ಕೊಂಡು ಬರ್ತಾನೆ, ನನ್ನ ಮುಖ ಅಂಗಡಿ ಮೇಲೇ ಇದೆಯಲ್ಲ."

ಮೊಸೋಟಿ ಮರಳುಕಾಗದ ನೀರಲ್ಲಿ ಅದ್ದಿದ. ಬೇಲಿಯಾಚೆ ಗಾಡಿ ಹೊರಟ ಸದ್ದಿಗೆ ಅವನ ಕೈ ಒಮ್ಮೆ ನಿಂತಿತು. ಅವಳು ಕೆಮ್ಮಿದಳು, ಮತ್ತೆ ಚಲಿಸಿತು. ಚಹಾವನ್ನು ಅವಳೊಬ್ಬಳೇ ನಿಧಾನವಾಗಿ ಕುಡಿದಳು. ಹೆಸರು ಸವೆದುಹೋದಾಗ ಅವನು ಆಸೆಯಿಂದ ಕಲ್ಲನ್ನು ಎತ್ತಿ ತೋರಿಸಿದ.

ನ್ಯಾಂಚೆರಾ ಕಲ್ಲನ್ನು ನೋಡಲಿಲ್ಲ. ಅವನ ಕೈ ಹಿಡಿದು, ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಇನ್ನೂ ಗೆರೆ ಇದೆ" ಅಂದಳು. "ಮುಂದಿನದನ್ನ ತಗೊಂಬಾ."