ಮಸುಯೊ ಅಜ್ಜಿಯ ಷೂ

ತಾಲೀಮಿನಲ್ಲಿ ಮೂರನೇ ಸಲವೂ ಮಸುಯೊ ಅಜ್ಜಿ ಷೂ ಬಿಚ್ಚಿಟ್ಟಳು. ಬರೀ ಬಿಚ್ಚಿದ್ದರೆ ಬೇರೆ ಮಾತು. ಬಗ್ಗಿ, ಎರಡನ್ನೂ ಜೋಡಿಸಿ, ತುದಿ ಹೊರಗಿರುವಂತೆ ತಿರುಗಿಸಿಟ್ಟು, ಆಮೇಲೆ ಕಾಲುಚೀಲದಲ್ಲಿ ತತಾಮಿ ಚಾಪೆಯ ಮೇಲೆ ಹೆಜ್ಜೆ ಇಟ್ಟಳು.

"ನಿಲ್ಸಿ!" ಫುಸಾಕೊ ಕೂಗಿದಳು. "ಅಜ್ಜೀ, ಎಷ್ಟು ಸಲ ಬಡ್ಕೋಬೇಕು? ಷೂ ಹಾಕ್ಕೊಂಡೇ ಒಳಗೆ ಹೋಗಿ!"

"ತತಾಮಿ ಮೇಲೆ ಷೂನಾ? ನಾನೇನು ಕಳ್ಳಿಯಾ?"

"ಇದು ಮನೆಯಲ್ಲ ಅಜ್ಜಿ, ಪ್ಲೈವುಡ್ ಪೆಟ್ಟಿಗೆ. ನಾನೇ ಮೊಳೆ ಹೊಡ್ದಿರೋದು."

"ಚಾಪೆ ಹಾಸಿದೀಯಲ್ಲ ತಾಯಿ. ಯಾರು ಹಾಸು ಅಂದ್ರು?"

ಅಂದವನು ನಿರ್ಮಾಪಕ ಹನಾವಾ. ಒಸಾಕಾದಲ್ಲಿ ಇಪ್ಪತ್ತು ವರ್ಷದಿಂದ ಟಿವಿ ಜಾದೂಗಾರರಿಗೆ ಸಾಮಾನು ಮಾಡಿಕೊಡುತ್ತಿರುವ ಫುಸಾಕೊ ಕೊಟ್ಟಿದ್ದು ಸಾದಾ ಕಪ್ಪು ಪೆಟ್ಟಿಗೆ. ಹೊಸ ವರ್ಷದ ಕಾರ್ಯಕ್ರಮಕ್ಕೆ ಮನೆಯ ಕಳೆ ಬೇಕೆಂದು ಅವನು ಅದಕ್ಕೆ ಚಾಪೆ ಹಾಸಿಸಿ, ಕಾಗದದ ಜಾರುಬಾಗಿಲು ಹಾಕಿಸಿದ.

ಕೈಚಳಕ ಬಹಳ ಸರಳ. ಪ್ರೇಕ್ಷಕರಲ್ಲಿ ಒಬ್ಬಳೆಂಬಂತೆ ಮಸುಯೊ ವೇದಿಕೆಗೆ ಬರಬೇಕು. ಅವಳು ಕೋಣೆ ಹೊಕ್ಕೊಡನೆ ಜಾದೂಗಾರ ಬಾಗಿಲು ಎಳೆಯುತ್ತಾನೆ. ಮೂರನೇ ಚಾಪೆಯ ಅಡಿ ಕಳ್ಳಬಾಗಿಲಿದೆ, ಅವಳು ಕೆಳಗಿಳಿಯುತ್ತಾಳೆ. ಬಾಗಿಲು ತೆರೆದರೆ ಕೋಣೆ ಖಾಲಿ. ಅದೇ ಕ್ಷಣ ಹಿಂದಿನ ಸಾಲಿಗೆ ಬೆಳಕು ಬಿದ್ದಾಗ ಅವಳ ಅವಳಿ ತಂಗಿ ಕಿನು ಅದೇ ಕಂದು ಸ್ವೆಟರ್, ಅದೇ ಕಪ್ಪು ಷೂನಲ್ಲಿ ಎದ್ದು ನಿಲ್ಲುತ್ತಾಳೆ. ಆದರೆ ಒಂದು ಜೊತೆ ಷೂ ವೇದಿಕೆಯ ಮೇಲೆ, ಅಂಥದೇ ಇನ್ನೊಂದು ಜೊತೆ ಕಿನು ಕಾಲಲ್ಲಿ ಇದ್ದರೆ ಇಬ್ಬರಿದ್ದಾರೆಂದು ಹಾಲುಗಲ್ಲದ ಮಗುವೂ ಹೇಳೀತು.

ಹನಾವಾ ಬಂದ. "ಫುಸಾಕೊ ಅವ್ರೇ, ಯಾಕಿಷ್ಟು ಒದ್ದಾಟ? ನೇರ ಪ್ರಸಾರ ಬಿಟ್ಟುಬಿಡೋಣ. ಚಿತ್ರೀಕರಿಸ್ಕೊಂಡು ಕಂಪ್ಯೂಟರ್‌ನಲ್ಲಿ ಅಜ್ಜೀನ ಅಳಿಸಿದ್ರೆ ಆಯ್ತು. ಹುಡುಗ್ರು ಅರ್ಧ ಗಂಟೇಲಿ ಮಾಡ್ತಾರೆ."

ಅಳಿಸಿದರೆ ಆಯ್ತಂತೆ. ಹಾಗಾದರೆ ಕಳ್ಳಬಾಗಿಲೂ ಬೇಡ, ಅದನ್ನು ಮಾಡುವ ಫುಸಾಕೊಳೂ ಬೇಡ. ಒಮ್ಮೆ ಅಳಿಸುವ ರುಚಿ ಹತ್ತಿದರೆ ಮುಂದಿನ ವರ್ಷ ಅವಳ ಕಾರ್ಖಾನೆಗೆ ಫೋನೇ ಬರುವುದಿಲ್ಲ.

"ಇನ್ನೂ ನಲವತ್ತು ನಿಮಿಷ ಇದೆ," ಎಂದಳು. "ಅಜ್ಜೀನ ನಾನು ನೋಡ್ಕೋತೀನಿ."

ನೋಡಿಕೊಳ್ಳುವುದೇನು, ಟೇಪು ತಂದು ಷೂವನ್ನು ಕಾಲಿಗೇ ಸುತ್ತಲು ಕೂತಳು.

"ಕೋಪ ಮಾಡ್ಕೋಬೇಡ," ಎಂದಳು ಮಸುಯೊ. "ಎಪ್ಪತ್ತೊಂದು ವರ್ಷದ ಕಾಲು. ಚಾಪೆ ಕಂಡ್ರೆ ನನ್ನ ಕೇಳದೇ ಬಿಚ್ಚತ್ತೆ."

"ನಿಮ್ಮ ಕಾಲು ನನ್ನ ಹೊಟ್ಟೆ ಮೇಲೆ ಹೊಡೀತಿದೆ ಅಜ್ಜಿ!"

ಪಕ್ಕದಲ್ಲಿ ಅಕ್ಕಿ ಬಿಸ್ಕತ್ತು ಕಡಿಯುತ್ತಿದ್ದ ಕಿನು ಕಾಲು ಚಾಚಿದಳು. "ಅವಳಿಗೆ ಸುತ್ತೋ ಬದ್ಲು ನನ್ನ ಷೂ ಬಿಚ್ಚಿಕೊಡೇ. ಆಗಿಂದ ಕಚ್ತಿದೆ."

ಫುಸಾಕೊ ಟೇಪು ಕೆಳಗಿಟ್ಟು ಕಿನುವಿನ ಷೂಗೆ ಕೈ ಹಾಕಿದಳು.

ನೇರ ಪ್ರಸಾರದಲ್ಲಿ ಮಸುಯೊ ಷೂ ಬಿಚ್ಚಿದಳು, ತಿರುಗಿಸಿಟ್ಟಳು, ಒಳಗೆ ಹೋದಳು. ಬಾಗಿಲು ತೆರೆದಾಗ ಕೋಣೆ ಖಾಲಿ, ಹೊರಗೆ ಷೂ ಮಾತ್ರ. ಹಿಂದಿನ ಸಾಲಿನಲ್ಲಿ ಕಿನು ಎದ್ದು ನಿಂತಳು. ಬರೀ ಬಿಳಿ ಕಾಲುಚೀಲ. ಇಡೀ ಸಭೆ "ಏಏ!" ಎಂದು ಬಾಯಿಬಿಟ್ಟಿತು. ಅವಳು ಅದೇ ಕಾಲುಚೀಲದಲ್ಲಿ ಮೆಟ್ಟಿಲಿಳಿದು ಬಂದು, ಕೋಣೆಗೆ ಬೆನ್ನು ಮಾಡಿ, ಅಕ್ಕನ ಷೂನೊಳಗೆ ಕಾಲು ತೂರಿಸಿ ಬಗ್ಗಿ ವಂದಿಸಿದಳು. ಈಗಷ್ಟೇ ಯಾರದೋ ಮನೆಯಲ್ಲಿ ಚಹಾ ಕುಡಿದು ಹೊರಟವಳ ಹಾಗೆ. ಷೂ ಇಲ್ಲದಿದ್ದರೆ ಚಪ್ಪಾಳೆ ಇದರ ಅರ್ಧವೂ ಬೀಳುತ್ತಿರಲಿಲ್ಲ.

ಸಭೆ ಖಾಲಿಯಾದ ಮೇಲೆ ಹನಾವಾ ಓಡಿಬಂದ. "ನೋಡಿದ್ರಾ, ಚಾಪೆ ನನ್ನ ಐಡಿಯಾ!"

ಫುಸಾಕೊ ಮೊಳೆ ಕೀಳಲು ಸುತ್ತಿಗೆ ಎತ್ತಿಕೊಂಡಳು.

"ವಸಂತದ ಕಾರ್ಯಕ್ರಮಾನೂ ನೇರ ಪ್ರಸಾರವೇ. ಕಂಪ್ಯೂಟರ್ ಮಾತೇ ಬೇಡ. ನೀವೇ ಕಟ್ಕೊಡ್ಬೇಕು. ಇದೇ ಅಜ್ಜಿ. ಈ ಸಲ ಚಾಪೆ ಬೇಡ, ಬಿಸಿನೀರಿನ ಸ್ನಾನದ ಮನೆ!"

ಕಳ್ಳಬಾಗಿಲಿನಿಂದ ಮಸುಯೊ ಅಜ್ಜಿ ತಲೆ ಹೊರಗೆ ಹಾಕಿದಳು. "ಟವಲ್ ನೀವೇ ಕೊಡ್ತೀರೋ, ಮನೆಯಿಂದ ತರ್ಬೇಕೋ?"

ಫುಸಾಕೊ ಷೂ ಹಾಕಿಕೊಂಡೇ ಚಾಪೆಯ ಮೇಲೆ ಕೂತುಬಿಟ್ಟಳು.

"ಷೂ!" ಎಂದು ಅಜ್ಜಿ ಗದರಿದಳು.