ಬೀಗಿತ್ತಿಗೆ ತಣ್ಣೀರು

ತಾವರೆಕೆರೆ ಕಡೆಯ ಆ ಹಳ್ಳಿಯಲ್ಲಿ ಚಿಕ್ಕಲಕ್ಷ್ಮಮ್ಮನ ಮನೆಯ ಮಣ್ಣಿನ ಹರವಿಯ ತಣ್ಣೀರಿಗೆ ಎರಡು ಹೆಸರಿದ್ದವು. ದಾರಿಹೋಕರು ಅಮೃತ ಅನ್ನುತ್ತಿದ್ದರು. ಸೊಸೆ ರಾಜಲಕ್ಷ್ಮಿ ಮನಸ್ಸಿನಲ್ಲೇ ‘ಅತ್ತೆಯ ಒಡವೆ’ ಅನ್ನುತ್ತಿದ್ದಳು.

ಒಡವೆಯೇ ಸರಿ. ಎಂಬತ್ತೈದರ ಬೇಸಿಗೆ ಅದು. ಮಳೆ ಕೈಕೊಟ್ಟು, ಊರಬಾವಿಯ ಹಗ್ಗಕ್ಕೆ ಗಂಟು ಹಾಕಿ ಹಾಕಿ ಉದ್ದ ಮಾಡಿದ್ದರು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಮುದುಕರೇ ಒಪ್ಪಿಕೊಂಡಿದ್ದರು. ತಮ್ಮ ಕಾಲದ ಬಿಸಿಲೇ ಬಿಸಿಲು ಎಂದು ಜಂಬ ಕೊಚ್ಚುವ ಮುದುಕರು! ಚಿಕ್ಕಲಕ್ಷ್ಮಮ್ಮನ ಮನೆಯಲ್ಲಂತೂ ಒಂದು ಹನಿ ನೀರು ಒಂದೇ ಕೆಲಸ ಮಾಡಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಕ್ಕಿ ತೊಳೆದದ್ದು ಎಮ್ಮೆಯ ಕಲಗಚ್ಚಿಗೆ, ಕೈ ತೊಳೆದದ್ದು ಸಗಣಿಯ ಜೊತೆ ಸೇರಿ ಅಂಗಳಕ್ಕೆ. ಇನ್ನು ಹಿತ್ತಿಲ ಹಲಸಿನ ಸಸಿಗೆ ಏನು ಉಳಿಯಬೇಕು?

ಆ ಸಸಿ ರಾಜಲಕ್ಷ್ಮಿಯ ತಾಯಿ ಕಳಿಸಿದ ಕಡೆಯ ಹಣ್ಣಿನದು. ಹೋದ ವರ್ಷ ಕೊರಟಗೆರೆ ಸೀಮೆಯ ತವರಿನಿಂದ ಬಸ್ಸಿನ ಮೇಲೆ ಹಲಸು ಹೇರಿಸಿ, “ಮುಂದಿನ ಸಲ ನಾನೇ ಬತ್ತೀನಿ. ನಮ್ಮ ಬೀಗಿತ್ತಿ ಮನೆ ತಣ್ಣೀರು ಕುಡೀಬೇಕು” ಎಂದು ಹೇಳಿಕಳಿಸಿದ್ದಳು ಆಕೆ. ಬರಲಿಲ್ಲ. ಆಷಾಢ ಕಳೆಯುವುದರೊಳಗೆ ತೀರಿಕೊಂಡಳು. ತವರಿನಲ್ಲಿ ಅವಳ ತಮ್ಮ ಆ ಹಲಸಿನ ಮರವನ್ನು ಹೊಸಮನೆಯ ಬಾಗಿಲಿಗೆಂದು ಕಡಿಸಿಬಿಟ್ಟ. ಇಲ್ಲಿ ಬೀಜಗಳನ್ನೆಲ್ಲ ಹುರಿದು ತಿಂದಾಗಿತ್ತು, ರಾಜಲಕ್ಷ್ಮಿ ಹಿತ್ತಿಲ ಮಣ್ಣಿಗಿಟ್ಟ ಒಂದನ್ನು ಬಿಟ್ಟು. ಅದು ಒಣಗಿದರೆ ಅಮ್ಮನದು ಅಂತ ತೋರಿಸುವುದಕ್ಕೆ ಅವಳ ಹತ್ತಿರ ಇನ್ನೇನೂ ಇರಲಿಲ್ಲ.

ತಾನು ಮೀಯುವ ನೀರಿನಲ್ಲೇ ಉಳಿಸಿ ಸಸಿಗೆ ಹೊಯ್ಯುತ್ತಿದ್ದಳು. ಮೇಲೆ ಹೊಯ್ದ ನೀರನ್ನು ಬೇರಿಗಿಂತ ಮೊದಲು ಬಿಸಿಲೇ ಕುಡಿಯುತ್ತಿತ್ತು. ಒಂದು ದಿನ ತವರಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಅಟ್ಟದ ಮೇಲಿದ್ದ ಹಳೇ ಮಡಕೆಯ ತಳಕ್ಕೆ ಮೊಳೆಯಿಂದ ತೂತು ಮಾಡಿ, ಬಟ್ಟೆಯ ಬತ್ತಿ ತುರುಕಿ, ಸಸಿಯ ಪಕ್ಕ ಇಟ್ಟು ನೀರು ತುಂಬಿದಳು. ತೊಟ್ಟು ತೊಟ್ಟಾಗಿ ಇಳಿಯುತ್ತಿದ್ದ ನೀರನ್ನು ನೋಡಿ ಅವಳಿಗೆ ಜೀವ ಬಂದಂತಾಯಿತು.

ಆ ಹೊತ್ತಿಗೇ ಚಿಕ್ಕಲಕ್ಷ್ಮಮ್ಮ ಹಿತ್ತಿಲಿಗೆ ಬಂದಳು. ಆ ಸೀಮೆಯಲ್ಲಿ ತೂತಿನ ಮಡಕೆಗೆ ನೀರು ತುಂಬುವುದು ಒಂದೇ ಒಂದು ಸಲ. ಮಗನಾದವನು ಹೆಣದ ಸುತ್ತ ಹೊತ್ತು ತಿರುಗುವಾಗ.

“ಅಯ್ಯೋ ಮನೆಹಾಳಿ! ನಿಮ್ಮಾವ ನಿಡುಗಲ್ ಕಡೆ ನೆಂಟರ ಮನೆಗೆ ಓಗವ್ರೆ, ನೀನಿಲ್ಲಿ ತೂತಿನ ಮಡಕೆ ತುಂಬ್ತೀಯಾ? ಯಾರ್ನ ಮಣ್ಣಿಗೆ ಕಳ್ಸೋಕೆ?” ಮಡಕೆಯನ್ನೆತ್ತಿ ತಿಪ್ಪೆಗೆ ಬೀಸಿದಳು. ಮಡಕೆ ಹೋಳಾಯಿತು, ನೀರೂ ಹೋಯಿತು. ನೀರು ಚೆಲ್ಲಿದ್ದಕ್ಕೆ ಆ ಮುದುಕಿ ಬೈಯದೇ ಇದ್ದದ್ದು ಅದೊಂದೇ ಸಲ ಇರಬೇಕು.

ಸಂಜೆ ಮಾವ ದೊಡ್ಡರಂಗಪ್ಪ ಗುಂಡುಕಲ್ಲಿನ ಹಾಗೆ ಬಸ್ಸಿಳಿದು ಬಂದ. ಕಥೆ ಕೇಳಿ, “ನಂಗೇನಾತು ಕಣೇ? ಹಲಸಿಂದೇ ತಿಥಿ ಆದಂಗೈತೆ” ಎಂದು ನಕ್ಕ. ನಿಜಕ್ಕೂ ಸಸಿಯ ಎಲೆಗಳು ಜೋತುಬಿದ್ದಿದ್ದವು.

ಚಿಕ್ಕಲಕ್ಷ್ಮಮ್ಮ ಗಂಡನಿಗೆ ಮುದ್ದೆ ಬಡಿಸುತ್ತ, ಸ್ವಲ್ಪ ಮೆತ್ತಗಾಗಿ, “ನಾಳೆ ಗಿಡಕ್ಕೆ ಒಂದು ಚೊಂಬು ಹುಯ್ಕೊಳೇ” ಅಂದಳು ಸೊಸೆಗೆ.

ರಾಜಲಕ್ಷ್ಮಿಯ ದನಿಯಲ್ಲಿ ಕೋಪವಿರಲಿಲ್ಲ. “ಬುಡಿ ಅತ್ತೆ. ನಮ್ಮಮ್ಮ ಬದುಕಿದ್ದಾಗ್ಲೂ ಈ ಮನೆ ನೀರು ಕುಡೀಲಿಲ್ಲ.”

ಅತ್ತೆ ಮುದ್ದೆಯ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು. ಮಾತಿಗೆ ಮಾತು ಬಡ್ಡಿ ಸಮೇತ ಹಿಂತಿರುಗಿಸುವ ಹೆಂಗಸು ಹಾಗೆ ಎದ್ದುಹೋದದ್ದು ರಾಜಲಕ್ಷ್ಮಿಗೆ ಹೆದರಿಕೆಯನ್ನೇ ತಂದಿತು.

ಮಾರನೆಯ ದಿನ ಬೆಳಗಾಗೆದ್ದು ಬಾವಿಗೆ ಹೋದ ರಾಜಲಕ್ಷ್ಮಿ, ಸರದಿ ಕಾದು ಬಿಂದಿಗೆ ಹೊತ್ತು ಬರುವಾಗ ಹೊತ್ತು ನೆತ್ತಿಗೇರಿತ್ತು. ಜಗುಲಿಯ ಮೇಲೆ ಕುರಿಯ ಜುಂಜಮ್ಮ ಕೂತಿದ್ದಳು. ಪ್ರತಿ ಬೇಸಿಗೆ ಇವರ ಹೊಲದಲ್ಲಿ ಕುರಿಮಂದೆ ನಿಲ್ಲಿಸುವವಳು. ಈ ಮನೆಯ ಹರವಿಯ ನೀರಿನ ಕೀರ್ತಿಯನ್ನು ಪಾವಗಡದವರೆಗೂ ಹಬ್ಬಿಸಿದವಳು ಅವಳೇ.

“ತಾಯೀ, ಒಂದು ಚೊಂಬು ತಣ್ಣೀರು ಕೊಡವ್ವಾ.”

ರಾಜಲಕ್ಷ್ಮಿ ಒಳಗೆ ಹೋಗಿ ನೋಡಿದರೆ ಮೂಲೆಯಲ್ಲಿ ಹರವಿಯೇ ಇಲ್ಲ! ಸಿರಾ ಸಂತೆಯಲ್ಲಿ ಬೆರಳಿಂದ ತಟ್ಟಿ, ಕಿವಿಗೊಟ್ಟು ಆರಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅತ್ತೆ ತಂದಿದ್ದ ಹೊಸ ಹರವಿ. ಮೈಯೆಲ್ಲ ಬೆವರಿ ನೀರನ್ನು ತಣ್ಣಗಿಡುತ್ತಿದ್ದ ಹರವಿ. ಅದನ್ನಿಟ್ಟಿದ್ದ ಒದ್ದೆ ಮರಳಲ್ಲಿ ಚೆಲ್ಲಿದ ರಾಗಿ ಕಾಳುಗಳು ಮೊಳೆತು ಹಸಿರಾಗಿದ್ದವು. ಒಡೆದುಹೋಯಿತೇನೋ ಎಂದು ಸುತ್ತ ಹೋಳುಗಳನ್ನು ಹುಡುಕಿದಳು.

ಅತ್ತೆ ಹಿತ್ತಾಳೆ ಬಿಂದಿಗೆಯಿಂದ ಬಗ್ಗಿಸಿಕೊಂಡು ತಾನೇ ಹೊರಗೆ ಹೋದಳು. ಜುಂಜಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು. “ಇದ್ಯಾಕವ್ವ ಸ್ನಾನದ ನೀರಿದ್ದಂಗೈತೆ! ಎಲ್ಲೋಯ್ತು ನಿನ್ನ ತಣ್ಣೀರು?”

“ಮನೆಗೆ ಬೀಗಿತ್ತಿ ಬಂದವ್ಳೆ ಕಣಮ್ಮ,” ಅಂದಳು ಚಿಕ್ಕಲಕ್ಷ್ಮಮ್ಮ. “ತಣ್ಣೀರು ಅವ್ಳು ಕುಡೀತವ್ಳೆ. ನಮಗೆ ಇದೇ ಸಾಕು.”

ರಾಜಲಕ್ಷ್ಮಿ ಹಿತ್ತಿಲಿಗೆ ಓಡಿದಳು. ಸಸಿಯ ಪಕ್ಕದಲ್ಲಿ ಹರವಿ ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿತ್ತು, ಬಾಯಿಗೆ ತಟ್ಟೆ ಮುಚ್ಚಿತ್ತು. ತೂತಿಲ್ಲ, ಬತ್ತಿಯಿಲ್ಲ. ಮಣ್ಣು ಬೆರಳಿಟ್ಟರೆ ತೇವ. ಹೊಸ ಮಣ್ಣಿನ ಹರವಿ ತಾನೇ ಬೆವರಿ, ನೆಲದೊಳಗೇ ಬೇರಿಗೆ ನೀರು ಕುಡಿಸುತ್ತಿತ್ತು. ಜೋತಿದ್ದ ಎಲೆ ಒಂದಿಷ್ಟು ತಲೆಯೆತ್ತಿತ್ತು, ಅಥವಾ ಅವಳ ಕಣ್ಣಿಗೆ ಹಾಗೆ ಕಂಡಿತು.

ಹಿಂದೆಯೇ ಅತ್ತೆ ಬಂದು ನಿಂತಿದ್ದಳು. ಉಗುರುಗಳಲ್ಲಿ ಇನ್ನೂ ಕೆಮ್ಮಣ್ಣು.

“ಸಿರಾ ಸಂತೆಗೆ ಹೋಗಿ ಇನ್ನೊಂದು ತರಾಣ ಅತ್ತೆ, ನೀವು ಬಿಸಿನೀರು ಕುಡಿಯೋದು...”

“ಇನ್ನೊಂದಕ್ಕೆ ತುಂಬೋಕೆ ನೀರೆಲ್ಲೈತೆ? ಹೆಣ್ಣು ಕೊಟ್ಟ ತಾಯಿ ಬಾಯಾರ್ಕೊಂಡು ಹಿತ್ತಿಲಾಗೆ ನಿಂತವ್ಳೆ, ನಾನು ಒಳಗೆ ತಣ್ಣೀರು ಕುಡೀಲಾ?”

ತಾಯಿ ಸತ್ತಾಗ ಬಾರದಿದ್ದ ಅಳು ರಾಜಲಕ್ಷ್ಮಿಗೆ ಈಗ ಒತ್ತರಿಸಿ ಬಂತು. ಅದು ದುಃಖದ್ದಲ್ಲ. ಇಂಥವಳ ಮನೆಗೆ ತನ್ನನ್ನು ಕೊಟ್ಟಳಲ್ಲ ಅಮ್ಮ, ಎಂಬ ಸಂತೋಷದ್ದು. ಅತ್ತೆಯ ಕಾಲು ಹಿಡಿದು ಅಲ್ಲೇ ಕುಸಿದಳು.

ಚಿಕ್ಕಲಕ್ಷ್ಮಮ್ಮ ಅವಳ ರಟ್ಟೆ ಹಿಡಿದು ಒಂದು ಮಾರು ಸಸಿಯತ್ತ ಎಳೆದಳು.

“ಅಳಂಗಿದ್ರೆ ಇತ್ತಾಗಿ ಬಾರೇ. ಗಿಡದ ಬುಡಕ್ಕಾದ್ರೂ ಬೀಳ್ಲಿ.”